ಏಳನೆಯ ಪುಟ

ಜನವರಿ 18

ಆದರೂ ಹೊಟ್ಟೆಯನ್ನು ಹಾಗೇ ಬಿಟ್ಟರೆ ಏನು ಕೊಳ್ಳೆಹೋಗುತ್ತದೆ ಎಂಬ ನನ್ನ ಪ್ರಶ್ನೆಗೆ ಮಗಳು ನಿನ್ನೆ ಉತ್ತರ ಕೊಡಲೇ ಇಲ್ಲ. ಅವಳಿ ಮಕ್ಕಳನ್ನು ಹೊತ್ತ ಹೊಟ್ಟೆ ಜೋಲುಬೀಳದೆ ಇಸ್ತ್ರಿ ಹಾಕಿದ ಕಾಲರಿನ ಹಾಗೆ ನಿಂತಿರುತ್ತದೆಯೆ? ನಲವತ್ತೊಂದು ವರ್ಷ ಟೇಪು ಹಿಡಿದವನು ನಾನು. ಜನರ ಸೊಂಟ ಹಿಗ್ಗಿದ್ದು, ಕುಗ್ಗಿದ್ದು, ಮತ್ತೆ ಹಿಗ್ಗಿದ್ದು ಎಲ್ಲವನ್ನೂ ಇಂಥ ಅಳತೆ ಪುಸ್ತಕಗಳಲ್ಲಿ ಬರೆದಿಟ್ಟವನು. (ಈ ಪುಸ್ತಕ ಹಳೆಯದು. ಹಿಂದಿನ ಅರ್ಧ ಖಾಲಿ ಉಳಿದಿತ್ತು, ದಿನಚರಿಗೆ ಸಾಕು. ಅಳತೆಗಳಿರುವ ಮುಂದಿನ ಅರ್ಧ ತೆರೆಯುವ ಅಗತ್ಯವಿಲ್ಲ.) ಹೊಲಿಗೆ ಬಿಚ್ಚಿ ಬಟ್ಟೆಯನ್ನು ಮೈಗೆ ಹೊಂದಿಸುವುದು ನನ್ನ ಕಸುಬು. ಮೈಯನ್ನೇ ಕತ್ತರಿಸುವುದು ಯಾವ ಕಸುಬು?

ಟಮ್ಮಿ ಟಕ್ ಅಂತೆ. ಟಕ್ ನನಗೆ ಗೊತ್ತು, ಬಟ್ಟೆ ಮಡಚಿ ಹೊಲಿಯುವುದು, ದಿನಕ್ಕೆ ಹತ್ತು ಹಾಕುತ್ತೇನೆ. ಟಮ್ಮಿಯನ್ನು ಡಿಕ್ಷನರಿಯಲ್ಲಿ ಹುಡುಕಿದೆ. ಮಕ್ಕಳು ಹೊಟ್ಟೆಗೆ ಹೇಳುವ ಮಾತು ಎಂದಿತ್ತು. ಮಕ್ಕಳ ಮಾತಿನಲ್ಲಿ ಹೇಳಿಬಿಟ್ಟರೆ ಚಾಕು ಮೊಂಡಾಗುತ್ತದೆಯೆ?

"ಒಳ್ಳೇ ಕೋಟೊಂದು ಹೊಲಿದುಕೊಡ್ತೀನಿ ಪುಟ್ಟೀ, ಹೊಟ್ಟೆ ಇದೆ ಅಂತ ನಿನ್ನ ನೆರಳಿಗೂ ಗೊತ್ತಾಗಲ್ಲ" ಅಂದಿದ್ದೆ.

"ಕೋಟು ಹಾಕ್ಕೊಂಡು ಈಜೋಕಾಗತ್ತಾ ಅಪ್ಪ?" ಅಂದಳು.

ಅವಳು ಈಜು ಕಲಿಸುವವಳು. ಅವಳಿಗಳು ಹುಟ್ಟಿ ನಾಲ್ಕು ವರ್ಷವಾಯಿತು, ಅಂದಿನಿಂದ ನೀರಿಗೆ ಇಳಿದಿಲ್ಲವಂತೆ. ಕೊಳದ ದಡದಲ್ಲಿ ಉದ್ದ ಕೋಟು ಹಾಕಿಕೊಂಡು, ಬಾಯಲ್ಲಿ ಸೀಟಿ ಇಟ್ಟುಕೊಂಡು ಕಲಿಸುತ್ತಾಳೆ. ನನಗಿದು ಗೊತ್ತೇ ಇರಲಿಲ್ಲ. ಕೇಳಿದ್ದರಲ್ಲವೆ ಗೊತ್ತಾಗುವುದು.

ಜನವರಿ 19

ಬೆಳಿಗ್ಗೆ ಮತ್ತೆ ಬಂದಳು. ಹನ್ನೆರಡು ಪುಟದ ಇಂಗ್ಲಿಷ್ ಪುಸ್ತಿಕೆಯೊಂದನ್ನು ಕತ್ತರಿಸುವ ಮೇಜಿನ ಮೇಲೆ ಇಟ್ಟಳು. ಆಪರೇಷನ್ನಿಗೆ ಮುಂಚೆ ತಿಳಿದಿರಬೇಕಾದ್ದೆಲ್ಲ ಅದರಲ್ಲಿದೆಯಂತೆ. ಲಾರಿ ಓಡಿಸುವ ಅಳಿಯ ಎರಡು ವಾರ ರಜೆ ಹಾಕಿ ಮಕ್ಕಳನ್ನು ತನ್ನ ತಾಯಿಯ ಮನೆಗೆ ಕರೆದೊಯ್ಯುತ್ತಾನೆ, ಏಕೆಂದರೆ ಇವಳು ಆರು ವಾರ ಅವರನ್ನು ಎತ್ತುವ ಹಾಗಿಲ್ಲ, ಎದುರಿಗಿದ್ದರೆ ಎತ್ತದೆ ಬಿಡುವವಳೂ ಅಲ್ಲ. ಇವಳು ಇಲ್ಲಿ, ಅಂಗಡಿಯ ಮೇಲಿನ ನಮ್ಮ ಮನೆಯಲ್ಲಿರುತ್ತಾಳೆ. ನೋಡಿಕೊಳ್ಳುವವನು ನಾನು.

"ಓದು. ಓದಿದ್ಮೇಲೂ ಆಗಲ್ಲ ಅಂದ್ರೆ ಹೇಳು, ಬೇರೆ ಯಾರನ್ನಾದ್ರೂ ನೋಡ್ತೀನಿ. ಓದದೆ ಮಾತ್ರ ಭಾಷಣ ಬೇಡ" ಅಂದಳು.

ಮಾತಿಗೆ ಮಾತು ಬೆಳೆಯಿತು. ನಾನು ಶೋಕಿ ಎಂದೆ. ಆಡಬಾರದಿತ್ತು. ಅವಳು ಬಾಗಿಲು ಹಾಕಿ ಶರಟನ್ನು ಒಂದು ಗೇಣು ಎತ್ತಿದಳು. "ನೋಡಪ್ಪ. ಅಳತೆಗಾರನ ಹಾಗೆ ನೋಡು." ಗೋಡೆಗೆ ಒರಗಿದ್ದವಳು ತಲೆಯನ್ನು ಸ್ವಲ್ಪ ಮುಂದೆ ತಂದಾಗ ಹೊಟ್ಟೆಯ ನಡುವೆ ಉದ್ದಕ್ಕೆ ಒಂದು ದಿಣ್ಣೆ ಎದ್ದಿತು. ಎರಡು ಕಡೆಯ ಸ್ನಾಯುಗಳು ಒಂದನ್ನೊಂದು ಬಿಟ್ಟು ನಾಲ್ಕು ಬೆರಳು ದೂರ ಸರಿದಿವೆಯಂತೆ. ಕೂತರೆ ಎದ್ದರೆ ಬೆನ್ನು ಹಿಡಿಯುತ್ತದೆ. ವ್ಯಾಯಾಮ ಎರಡು ವರ್ಷ ಮಾಡಿದಳಂತೆ. ತೂಕ ಇಳಿಯಿತು, ಸೀಳು ಕೂಡಲಿಲ್ಲ.

"ಹೋದ ವಾರ ಬಸ್ಸಲ್ಲಿ ಒಬ್ಬ ಮುದುಕಿ ಎದ್ದು ಸೀಟು ಬಿಟ್ಟುಕೊಟ್ಳು. ಎಷ್ಟು ತಿಂಗಳು ಮಗಳೇ ಅಂದ್ಳು. ನಾನು ಆರು ಅಂದೆ."

"ಯಾಕೆ ಸುಳ್ಳು ಹೇಳ್ದೆ?"

"ಪಾಪ, ಅವಳಿಗೆ ನಾಚಿಕೆ ಆಗ್ಬಾರ್ದಲ್ಲ" ಅಂದಳು.

ನೀನು ಹೋಗಿ ಹದಿನಾಲ್ಕು ವರ್ಷವಾದರೂ ನಿನ್ನ ಮಗಳೇ ಸರಿ ಕಣೇ.

ಜನವರಿ 23

ನಾಲ್ಕು ಪುಟ ಮುಗಿಯಿತು. ಎರಡು ವರ್ಷ ಇಂಗ್ಲಿಷ್ ಮೇಜರ್ ಓದಿದವನಿಗೆ ಇದೇನು ದೊಡ್ಡದು ಎಂದು ಕೂತಿದ್ದೆ. ಅಪ್ಪ ತೀರಿಕೊಂಡು ಕತ್ತರಿ ಕೈಗೆ ಬಂದಾಗ ಕಾಲೇಜು ಬಿಟ್ಟೆ, ಇಂಗ್ಲಿಷ್ ನನ್ನನ್ನು ಬಿಟ್ಟದ್ದು ಯಾವಾಗ ಎಂದು ಗೊತ್ತಾಗಲಿಲ್ಲ. ಪುಸ್ತಿಕೆಯ ತುಂಬ ಪ್ಯಾಸಿವ್ ವಾಯ್ಸ್. ಚರ್ಮವು ತೆಗೆಯಲ್ಪಡುತ್ತದೆ, ಸ್ನಾಯುವು ಹೊಲಿಯಲ್ಪಡುತ್ತದೆ. ನಮ್ಮ ಮೇಷ್ಟರು ಹೇಳುತ್ತಿದ್ದರು, ಮಾಡಿದವನು ಯಾರೆಂದು ಗೊತ್ತಾಗಬಾರದು ಅನ್ನಿಸಿದಾಗ ಇದು ಬಹಳ ಅನುಕೂಲ, ಪೊಲೀಸರೂ ಸರ್ಕಾರವೂ ಇದನ್ನೇ ಬಳಸುತ್ತಾರೆ ಎಂದು.

ತಿಳಿದದ್ದು ಇಷ್ಟು. ಇದು ತೂಕ ಇಳಿಸುವ ಉಪಾಯವಲ್ಲ. ತೂಕ ಕೆಲವು ತಿಂಗಳು ಒಂದೇ ಕಡೆ ನಿಂತಿರಬೇಕು, ಆಮೇಲೆ ಮಾಡುವುದು. ಇನ್ನು ಮಕ್ಕಳು ಬೇಡ ಎಂದು ತೀರ್ಮಾನಿಸಿರಬೇಕು, ಇಲ್ಲದಿದ್ದರೆ ಹೊಲಿದದ್ದು ಮತ್ತೆ ಬಿಚ್ಚಿದ ಹಾಗೆ. ಸಿಗರೇಟು ಸೇದುವವರು ವಾರಗಟ್ಟಲೆ ಮೊದಲೇ ಬಿಡಬೇಕು, ಗಾಯ ಕೂಡುವುದಿಲ್ಲ. ಕೆಲವು ಮಾತ್ರೆಗಳನ್ನು ಡಾಕ್ಟರನ್ನು ಕೇಳಿ ನಿಲ್ಲಿಸಬೇಕು. ಗೆರೆ ಈ ಸೊಂಟದಿಂದ ಆ ಸೊಂಟದವರೆಗೆ ಬೀಳುತ್ತದೆ, ಮಾಸುತ್ತದೆ, ಅಳಿಯುವುದಿಲ್ಲ.

ಹೊಕ್ಕುಳಿನ ಭಾಗ ಮಾತ್ರ ಎರಡು ಸಲ ಓದಿದೆ. ಅದು ಇದ್ದಲ್ಲೇ ಇರುತ್ತದೆ. ಮೇಲಿನ ಚರ್ಮವನ್ನು ಕೆಳಗೆಳೆದು, ಅದು ಬರುವ ಕಡೆ ಹೊಸ ತೂತು ತೆಗೆದು ಸುತ್ತ ಹೊಲಿಯುತ್ತಾರೆ. ಅಂದರೆ ಕಾಜ. ನಾವು ಗುಂಡಿಗೆ ಮಾಡುವುದೂ ಅದನ್ನೇ. ಮೊಮ್ಮಕ್ಕಳಿಗೆ ಗುಂಡಿ, ಕಾಜ ಎಂದು ನಾನು ಇಟ್ಟ ಅಡ್ಡಹೆಸರು ಸುಮ್ಮನೆ ಅಲ್ಲ ಎಂದಾಯಿತು. ಆಪರೇಷನ್ ಮಾಡುವ ಡಾಕ್ಟರಮ್ಮನ ಹೊಲಿಗೆಯನ್ನು ಒಮ್ಮೆ ಹತ್ತಿರದಿಂದ ನೋಡಬೇಕು.

ಜನವರಿ 26

ಐದು, ಆರು ಮುಗಿದವು. ಡ್ರೇನ್ ಎಂಬ ಸಣ್ಣ ಕೊಳವೆಗಳಿರುತ್ತವೆ, ಗಾಯದ ನೀರು ಅದರ ತುದಿಯ ಡಬ್ಬಿಗೆ ಇಳಿಯುತ್ತದೆ, ಎಷ್ಟಾಯಿತೆಂದು ದಿನವೂ ಅಳೆದು ಬರೆಯಬೇಕು. ಬರೆಯೋಣ. ಬಿಗಿಯಾದ ಬೆಲ್ಟು ಆರು ವಾರ. ಮೊದಲ ವಾರ ನೆಟ್ಟಗೆ ನಿಲ್ಲುವ ಹಾಗಿಲ್ಲ, ಸೊಂಟ ಬಗ್ಗಿಸಿಯೇ ನಡೆಯಬೇಕು, ಮಲಗುವಾಗ ಮಂಡಿ ಮಡಿಸಿರಬೇಕು. ಒರಗು ಕುರ್ಚಿ ಒಳ್ಳೆಯದು. ನಮ್ಮ ಹಳೆಯ ಕುರ್ಚಿಯ ಸ್ಪಂಜು ಬದಲಿಸಿದೆ.

ಏಳನೆಯ ಪುಟದ ತಲೆಬರಹ ನೋಡಿದೆ. ಮಡಚಿಟ್ಟೆ. ಕಣ್ಣು ಉರಿಯುತ್ತಿತ್ತು.

ಜನವರಿ 27

ಎಂಟನೆಯ ಪುಟ ಓದಿದೆ. ಮರಗಟ್ಟುವಿಕೆಯ ಬಗ್ಗೆ. ಹೊಟ್ಟೆಯ ಕೆಳಭಾಗದಲ್ಲಿ ತಿಂಗಳುಗಟ್ಟಲೆ ಸ್ಪರ್ಶ ತಿಳಿಯದಿರಬಹುದು, ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ.

ಜನವರಿ 30

ಡಾಕ್ಟರ ಹತ್ತಿರ ಹೋಗಿದ್ದೆವು. ಆಪರೇಷನ್ ಫೆಬ್ರವರಿ ಹತ್ತಕ್ಕೆ. ಡಾಕ್ಟರಮ್ಮ ನನಗಿಂತ ಗಿಡ್ಡ, ಬೆರಳು ಮಾತ್ರ ಉದ್ದ. "ನೀವೇನಾ ನೋಡ್ಕೊಳ್ಳೋರು? ಅಡುಗೆ ಬರತ್ತಾ?" ಎಂದು ಕೇಳಿದರು. "ಸೂಪು, ಮೊಟ್ಟೆ, ಅನ್ನ. ಇಷ್ಟರಲ್ಲೇ ಹದಿನಾಲ್ಕು ವರ್ಷ ತಳ್ಳಿದೀನಿ ಡಾಕ್ಟ್ರೇ" ಅಂದೆ. "ಹಾಗಾದ್ರೆ ಪಾಸು" ಅಂದರು.

ಹೊರಗಿನ ಕೋಣೆಯಲ್ಲಿ ಸಿಸ್ಟರ್ ಫಾರಂ ತುಂಬಿಸಿಕೊಂಡರು. ಒಂದೊಂದೇ ಪ್ರಶ್ನೆ ಓದುತ್ತಾರೆ, ಮಗಳು ಹೇಳುತ್ತಾಳೆ, ಅವರು ಗುರುತು ಹಾಕುತ್ತಾರೆ. ಸಕ್ಕರೆ ಕಾಯಿಲೆ, ಇಲ್ಲ. ಆಸ್ತಮ, ಇಲ್ಲ.

"ತಂದೆ, ತಾಯಿ, ಒಡಹುಟ್ಟಿದವರು. ಯಾರಿಗಾದ್ರೂ ಕಾಲಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದು?"

"ಇಲ್ಲ. ಅಮ್ಮಂದು ಹಾರ್ಟು" ಅಂದಳು. ನನ್ನ ಕಡೆ ತಿರುಗಿದಳು. "ಅಲ್ವಾ ಅಪ್ಪ?"

ಸಿಸ್ಟರಿನ ಮೇಲಂಗಿಯ ಜೇಬು ಒಂದು ಕಡೆ ಬಿಟ್ಟಿತ್ತು. ಮೂರು ಹೊಲಿಗೆ ಹಾಕಿದರೆ ಸಾಕು. ನಾನು ಅದನ್ನೇ ನೋಡುತ್ತಿದ್ದೆ.

"ಹೂಂ" ಅಂದೆ.

ಜನವರಿ 31

ಎರಡು ಪ್ಯಾಂಟಿನ ಅಂಚು ಮಡಚಿ ಹೊಲಿದೆ. ಎರಡೂ ಸೊಟ್ಟ. ಬಿಚ್ಚಿದೆ. ನಾಳೆ ನೋಡೋಣ.

ಫೆಬ್ರವರಿ 4

ಮಧ್ಯಾಹ್ನ ಗುಂಡಿ, ಕಾಜ ಅಂಗಡಿಯಲ್ಲಿದ್ದವು. ಅಮ್ಮನ ಆಪರೇಷನ್ನಿನ ಸುದ್ದಿ ಅವಕ್ಕೂ ಗೊತ್ತು. ಮೇಜಿನ ಕೆಳಗೆ ಚಿಂದಿಗಳ ರಾಶಿಯ ಮೇಲೆ ಗುಂಡಿ ಅಂಗಾತ ಮಲಗಿದಳು. ಕಾಜ ನನ್ನ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಅವಳ ಫ್ರಾಕಿನ ಮೇಲೆ ಈ ಸೊಂಟದಿಂದ ಆ ಸೊಂಟಕ್ಕೆ ಗೆರೆ ಎಳೆದಳು. ಕೈ ಒಳ್ಳೆಯದಿದೆ ಮಗುವಿನದು, ಗೆರೆ ನೇರ ಬಂತು. ನಾನು ನಗುತ್ತಿದ್ದೆ.

"ಮುಗೀತು, ಏಳು" ಅಂದಳು ಕಾಜ.

ಗುಂಡಿ ಏಳಲಿಲ್ಲ. ಕಣ್ಣು ಮುಚ್ಚಿ, ಉಸಿರು ಹಿಡಿದು ಮಲಗಿದ್ದಳು. ಆಟ ಅಷ್ಟೇ.

"ಏಳೇ! ನಡೀಬೇಕು! ಅಮ್ಮ ಹೇಳಿದಾಳೆ, ಆಪರೇಷನ್ ಆದ್ರೆ ನಡೀಬೇಕು!"

ಆಮೇಲೆ ಏನಾಯಿತೋ. ಮಗುವಿನ ತೋಳು ಹಿಡಿದು ಎತ್ತಿ ನಿಲ್ಲಿಸಿದೆನಂತೆ, ಎದ್ದೇಳು ಎದ್ದೇಳು ಎಂದು ಕೂಗಿದೆನಂತೆ. ಎರಡೂ ಗೊಳೋ ಎಂದು ಅತ್ತವು. ಪಕ್ಕದ ದಾರದ ಅಂಗಡಿಯವನು ಓಡಿಬಂದ. "ಏನಯ್ಯಾ, ಮುದುಕನಾಗಿ ಮಕ್ಕಳನ್ನ ಹೆದರಿಸ್ತೀಯಾ?" ಅಂದ. ಮಕ್ಕಳಿಗೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಿದ. ನನಗೆ ನೀರು ಕೊಟ್ಟ.

ಅವು ಹೋದ ಮೇಲೆ ಏಳನೆಯ ಪುಟ ಬಿಡಿಸಿದೆ.

ಡಿಕ್ಷನರಿ ಬೇಕಾಗಲಿಲ್ಲ. ಆಪರೇಷನ್ ಆದವರು ಮಲಗಿದಲ್ಲೇ ಇದ್ದರೆ ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು. ಮೀನಖಂಡ ನೋಯುತ್ತದೆ, ಬಾತುಕೊಳ್ಳುತ್ತದೆ, ಬಿಸಿಯಾಗುತ್ತದೆ. ಆ ಗಡ್ಡೆ ಕಳಚಿಕೊಂಡು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೆ ಅಪಾಯ. ಅದೇ ದಿನವೋ ಮರುದಿನವೋ ಎಬ್ಬಿಸಿ ನಡೆಸಬೇಕು. ಮನೆಯವರಲ್ಲಿ ಯಾರಿಗಾದರೂ ಹೀಗಾಗಿದ್ದರೆ ಮುಂಚೆಯೇ ಡಾಕ್ಟರಿಗೆ ತಿಳಿಸಬೇಕು. ಕಾಲು ನೋಯುತ್ತದೆ ಎಂದರೆ ತಿಕ್ಕಬೇಡಿ. ಡು ನಾಟ್ ಮಸಾಜ್.

ಬರೆದುಬಿಡುತ್ತೇನೆ. ಇದು ಯಾರೂ ಓದುವ ಪುಸ್ತಕವಲ್ಲ.

ಗರ್ಭಕೋಶ ತೆಗೆದು ನಾಲ್ಕನೆಯ ದಿನ ನಿನ್ನನ್ನು ಮನೆಗೆ ತಂದೆವು. ದಿನಕ್ಕೆ ನಾಲ್ಕು ಸಲ ನಡೆಸಿ ಎಂದು ಹೇಳಿ ಕಳಿಸಿದ್ದರು. ಮನೆಗೆ ಬಂದ ಮೇಲೆ ನಿನ್ನನ್ನು ಮಲಗಿಸಲಾಯಿತು. ಅಲ್ಲ. ನಾನು ಮಲಗಿಸಿದೆ. ಇಪ್ಪತ್ತೆರಡು ವರ್ಷ ನನ್ನ ಪಕ್ಕದಲ್ಲಿ ನಿಂತೇ ಇಸ್ತ್ರಿ ಮಾಡಿದವಳು, ಒಂದು ವಾರವಾದರೂ ಕಾಲು ಚಾಚಿ ಮಲಗಲಿ ಎಂದು. "ಸ್ವಲ್ಪ ಓಡಾಡ್ತೀನಿ, ಕಾಲು ಭಾರ ಆಗಿದೆ" ಅಂದೆ ನೀನು. "ಸುಮ್ನೆ ಮಲಕ್ಕೋ, ಈ ಮನೇಲಿ ಮಹಾರಾಣಿ ನೀನು" ಅಂದೆ ನಾನು. ಬಲಗಾಲಿನ ಮೀನಖಂಡ ಹಿಡಿದುಕೊಂಡಿದೆ ಅಂದೆ ನೀನು. ಬಿಸಿನೀರಿನ ಚೀಲ ಇಟ್ಟೆ. ಎಣ್ಣೆ ಹಚ್ಚಿ ತಿಕ್ಕಿದೆ. ಎರಡು ದಿನ ತಿಕ್ಕಿದೆ. "ಇಷ್ಟು ವರ್ಷದಲ್ಲಿ ಇವತ್ತು ನನ್ನ ಕಾಲು ಹಿಡಿದ್ರಿ" ಎಂದು ನಕ್ಕೆ ನೀನು. ಒಂಬತ್ತನೆಯ ದಿನ ಮಧ್ಯಾಹ್ನ ನೀನು ಎಷ್ಟು ಸೊಗಸಾಗಿ ನಿದ್ದೆ ಹೋಗಿದ್ದೆ ಎಂದರೆ, ಎಬ್ಬಿಸಲು ಮನಸ್ಸಾಗಲಿಲ್ಲ. ಸಂಜೆ ನೀನೇ ಎದ್ದು ಬಚ್ಚಲ ಬಾಗಿಲವರೆಗೆ ಹೋದೆ, ಅಲ್ಲೇ ಕುಸಿದೆ. ಅಷ್ಟೇ.

ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋಗಿದೆ ಎಂದ ಆಸ್ಪತ್ರೆಯ ಡಾಕ್ಟರು ಕೇಳಿದರು, ನಡೆಸ್ತಾ ಇದ್ರಾ ಎಂದು. ಹೂಂ ಅಂದೆ. ಮಗಳು ಕೇಳಿದಳು, ಏನಾಯ್ತಪ್ಪ ಎಂದು. ಹಾರ್ಟು ಅಂದೆ. ಹತ್ತೊಂಬತ್ತು ವರ್ಷದ ಹುಡುಗಿ. ಅಪ್ಪನೇ ಹೀಗೆ ಮಾಡಿದ ಎಂದು ತಿಳಿದರೆ ಅವಳಿಗೆ ಯಾರಿರುತ್ತಾರೆ, ಅದಕ್ಕೇ ಹೇಳಲಿಲ್ಲ ಎಂದುಕೊಂಡಿದ್ದೆ. ಸುಳ್ಳು. ನನಗೆ ಯಾರಿರುತ್ತಾರೆ ಎಂಬುದೇ ಚಿಂತೆಯಾಗಿತ್ತು.

ಈ ಪುಸ್ತಕದ ಮುಂದಿನ ಅರ್ಧವನ್ನೂ ತೆರೆದೆ. ನಿನ್ನ ಪುಟ ಅಲ್ಲೇ ಇದೆ. ಸೊಂಟ ಮೂವತ್ತನಾಲ್ಕು. ಕೆಳಗೆ ನನ್ನದೇ ಅಕ್ಷರ: ಆಪರೇಷನ್ ಆದ ಮೇಲೆ ಮತ್ತೆ ಅಳೆಯುವುದು.

ಫೆಬ್ರವರಿ 5

ಹೇಳಿದೆ.

ಅವಳು ಕೋಟಿನ ಜೇಬು ರಿಪೇರಿಗೆ ತಂದಿದ್ದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ, ಗಿರಾಕಿಯ ಬಟ್ಟೆ ಹಾಳುಮಾಡಿದವನು ಹೇಳುವ ಹಾಗೆ.

"ಯಾವ ಕಾಲು?" ಅಂದಳು.

"ಬಲಗಾಲು."

"ಹಾರ್ಟ್ ಅಲ್ವಾ?"

"ಅಲ್ಲ ಪುಟ್ಟೀ."

ಸ್ಟೂಲಿನ ಮೇಲೆ ಕೂತಳು. "ಹಾಗಾದ್ರೆ ನಾನಲ್ಲ" ಅಂದಳು.

ನನಗೆ ಅರ್ಥವಾಗಲಿಲ್ಲ. ಆಗ ಹೇಳಿದಳು. ಆ ದಿನ ಬೆಳಿಗ್ಗೆ ಅವಳಿಗೆ ಈಜಿನ ಸ್ಪರ್ಧೆ ಇತ್ತು. ನಾನು ಹಾಲಿಗೆ ಹೋಗಿದ್ದೆ. "ಇವತ್ತೊಂದಿನ ಹೋಗ್ಬೇಡ್ವೇ, ಏನೋ ಸರಿ ಇಲ್ಲ ನಂಗೆ" ಎಂದಳಂತೆ ಅವಳಮ್ಮ. ಇವಳು ಚೀಲ ಹೆಗಲಿಗೇರಿಸಿ ಕೂಗಾಡಿದಳಂತೆ. "ನಿನ್ನ ಹೊಟ್ಟೆನೋವಿಗೆ ನಾನು ಬದುಕೋದು ಬಿಡ್ಬೇಕಾ?" ಬಾಗಿಲು ದಢಾರನೆ ಹಾಕಿ ಹೋದಳಂತೆ. ಸಂಜೆ ಪದಕ ತೆಗೆದುಕೊಂಡು ಬಂದಾಗ ಮನೆಯ ತುಂಬ ಜನ.

"ನೀನು ಹಾರ್ಟು ಅಂದೆ. ನನ್ನ ಮಾತಿಗೇ ನಿಂತುಹೋಯ್ತು ಅಂದ್ಕೊಂಡೆ. ಹದಿನಾಲ್ಕು ವರ್ಷ ಅಪ್ಪ."

ಆಮೇಲೆ ಅವಳು ಒಂದು ಸ್ಪರ್ಧೆಗೂ ಹೋಗಲಿಲ್ಲ. ಓದು ಜಾಸ್ತಿಯಾಯಿತೇನೋ ಎಂದುಕೊಂಡಿದ್ದೆ ನಾನು.

ಕೋಟು ಬಿಟ್ಟು ಹೋದಳು. ಹೊರಗೆ ಚಳಿ ಇತ್ತು.

ಫೆಬ್ರವರಿ 9

ಮಗಳ ಫೋನಿಲ್ಲ. ಅಳಿಯ ಮಾಡಿದ್ದ. "ಡಾಕ್ಟ್ರಿಗೆ ಹೇಳಿದಾಳೆ ಮಾವ. ಆಪರೇಷನ್ ಮುಂದಕ್ಕೆ ಹಾಕಿದಾರೆ, ರಕ್ತ ಪರೀಕ್ಷೆ ಮಾಡ್ತಿದಾರೆ" ಅಂದ. ನೋಡಿಕೊಳ್ಳುವುದಕ್ಕೆ ಯಾರು ಎಂದು ಕೇಳಲು ಬಾಯಿ ಬರಲಿಲ್ಲ. ಅವನೂ ಹೇಳಲಿಲ್ಲ.

ಕೋಟಿನ ಜೇಬು ಹೊಲಿದೆ. ಒಳಗೆ ಸೀಟಿ ಇತ್ತು.

ಫೆಬ್ರವರಿ 12

ಏನೂ ಇಲ್ಲ.

ಫೆಬ್ರವರಿ 17

ಡಾಕ್ಟರಮ್ಮ ನನ್ನನ್ನು ಬರಹೇಳಿದರು. ಮಗಳು ಮೊದಲೇ ಬಂದು ಕೂತಿದ್ದಳು. ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ನಾನು ಕೂತೆ.

ಆ ದಿನಗಳದ್ದೆಲ್ಲ ಕೇಳಿ ಬರೆದುಕೊಂಡರು. ಯಾವ ಆಪರೇಷನ್, ಎಷ್ಟನೆಯ ದಿನ, ವಯಸ್ಸೆಷ್ಟು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ. "ನಡೆದೋರಿಗೂ ಆಗತ್ತೆ. ಮಲಗಿದೋರಿಗೆಲ್ಲ ಆಗಲ್ಲ. ನೀವು ನಡೆಸಿದ್ರೆ ಬದುಕ್ತಿದ್ರು ಅಂತ ನಾನು ಹೇಳಲಾರೆ. ಬದುಕ್ತಿರಲಿಲ್ಲ ಅಂತಾನೂ ಹೇಳಲಾರೆ" ಅಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ಮಗಳ ರಕ್ತದಲ್ಲಿ ದೋಷವಿಲ್ಲವಂತೆ. ಆದರೂ ಇದನ್ನು ಮೊದಲೇ ಹೇಳಿದ್ದು ಒಳ್ಳೆಯದಾಯಿತು, ಎಚ್ಚರಿಕೆ ಬೇರೆಯೇ ಇರುತ್ತದೆ ಎಂದರು. ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಂದು ಇಂಜೆಕ್ಷನ್, ಕಾಲಿಗೆ ಬಿಗಿ ಕಾಲುಚೀಲ, ಅದೇ ಸಂಜೆಯಿಂದ ನಡಿಗೆ. ಬೇಡ ಅನ್ನಿಸಿದರೆ ಈಗಲೂ ಬಿಡಬಹುದು, ಇದು ಮಾಡಿಸಲೇಬೇಕಾದ ಆಪರೇಷನ್ ಅಲ್ಲ, ಎಂದು ಅವಳಿಗೆ ಎರಡು ಸಲ ಹೇಳಿದರು.

"ಮಾಡಿಸ್ತೀನಿ. ನನಗೆ ನೀರಿಗೆ ಇಳೀಬೇಕು" ಅಂದಳು.

"ನೋಡ್ಕೊಳ್ಳೋರು?"

ಗೋಡೆಯ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು.

"ಅಪ್ಪನೇ" ಅಂದಳು. "ಇನ್ನೊಂದ್ಸಲ ಮಲಗಿಸೋ ಧೈರ್ಯ ಅವ್ನಿಗೆ ಬರಲ್ಲ."

ನನ್ನ ಕಡೆ ನೋಡಲಿಲ್ಲ.

ಮಾರ್ಚ್ 4

ಆಪರೇಷನ್ ಆಯಿತು. ಮೂರೂವರೆ ಗಂಟೆ ಹಿಡಿಯಿತು. ಸಂಜೆ ಅವಳನ್ನು ಎಬ್ಬಿಸಿ ಕೂರಿಸಿದರು, ನಿಲ್ಲಿಸಿದರು. ಮುಖ ಬಿಳಿಚಿತ್ತು, ಹಲ್ಲು ಕಚ್ಚಿಕೊಂಡು ನಾಲ್ಕು ಹೆಜ್ಜೆ ಹಾಕಿದಳು. ಮಲಗಲಿ ಬಿಡಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಇಂಜೆಕ್ಷನ್ ಹಾಕುವುದನ್ನು ಸಿಸ್ಟರ್ ಹೇಳಿಕೊಟ್ಟರು, ತೊಡೆಗೆ. "ಸೂಜಿ ಹಿಡಿಯೋದು ನಿಮಗೇನು ಹೊಸದಾ ತಾತ?" ಅಂದರು. ಹೊಸದಲ್ಲ. ಆದರೂ ಎರಡು ಸಲ ಹೇಳಿಸಿಕೊಂಡೆ. ಅವರ ಜೇಬು ಇನ್ನೂ ಬಿಟ್ಟೇ ಇತ್ತು. ಅಲ್ಲೇ ಮೂರು ಹೊಲಿಗೆ ಹಾಕಿಕೊಟ್ಟೆ.

ಮಾರ್ಚ್ 6

ಮನೆಗೆ ಬಂದೆವು. ಹದಿನೇಳು ಮೆಟ್ಟಿಲಿಗೆ ಇಪ್ಪತ್ತು ನಿಮಿಷ. ಒರಗು ಕುರ್ಚಿಯಲ್ಲಿ ಮಂಡಿಯ ಕೆಳಗೆ ದಿಂಬಿಟ್ಟು ಕೂರಿಸಿದೆ. ಎಚ್ಚರವಿದ್ದಷ್ಟು ಹೊತ್ತೂ ಎರಡು ಗಂಟೆಗೊಮ್ಮೆ ನಡಿಗೆ. ಕುರ್ಚಿಯಿಂದ ಬಚ್ಚಲ ಬಾಗಿಲು, ಅಲ್ಲಿಂದ ವಾಪಸು, ಇಪ್ಪತ್ತೆರಡು ಹೆಜ್ಜೆ. ಮನೆಯಲ್ಲಿ ಇನ್ನೊಂದು ದಾರಿ ಇಲ್ಲ. ಆ ಬಾಗಿಲಿಗೆ ಬಂದಾಗ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ.

ಮುದುಕಿಯ ಹಾಗೆ ಬಗ್ಗಿ ನಡೆಯುತ್ತಾಳೆ. ತಲೆ ಎಲ್ಲಿಗೆ ಬರುತ್ತದೋ ಅಲ್ಲಿ ಬಾಗಿಲ ಚೌಕಟ್ಟಿಗೆ ಸೀಮೆಸುಣ್ಣದ ಗುರುತು ಹಾಕಿದೆ. "ನಾನೇನು ಬೆಳೀತಿರೋ ಮಗೂನಾ?" ಅಂದಳು. ಆಪರೇಷನ್ ಆದ ಮೇಲೆ ನನ್ನೊಡನೆ ಆಡಿದ ಮೊದಲ ಉದ್ದದ ಮಾತು.

ಬಾತರೆ ತಿಳಿಯಲಿ ಎಂದು ಟೇಪಿನಿಂದ ಎರಡೂ ಮೀನಖಂಡ ಇಂಚಿನಲ್ಲಿ ಅಳೆದೆ. ಬಲ ಹದಿನಾಲ್ಕೂ ಕಾಲು. ಎಡ ಹದಿನಾಲ್ಕೂ ಕಾಲು.

ಮಾರ್ಚ್ 7

ಬಲ ಹದಿನಾಲ್ಕೂ ಕಾಲು. ಎಡ ಹದಿನಾಲ್ಕೂ ಕಾಲು. ಡ್ರೇನಿನ ನೀರು ನಿನ್ನೆಗಿಂತ ಕಡಿಮೆ. ಗುರುತು ಅರ್ಧ ಇಂಚು ಮೇಲೆ.

ಮಾರ್ಚ್ 8

ಬಲ ಹದಿನಾಲ್ಕೂವರೆ. ಟೇಪು ಸಡಿಲ ಹಿಡಿದಿದ್ದೆನೋ ಎಂದು ಮತ್ತೆ ಅಳೆದೆ. ಹದಿನಾಲ್ಕೂವರೆ. ಎಡ ಹದಿನಾಲ್ಕೂ ಕಾಲು. ನೋವಿಲ್ಲ, ಏನಿಲ್ಲ ಅಂದಳು. ಕಾಲನ್ನು ಮುಟ್ಟಲಿಲ್ಲ. ಆಸ್ಪತ್ರೆಗೆ ಫೋನು ಮಾಡಿದೆ, ಗಾಡಿ ತರಿಸಿದೆ, ಹದಿನೇಳು ಮೆಟ್ಟಿಲು ಇಳಿಸಿದೆ. ಸ್ಕ್ಯಾನ್ ಮಾಡಿದರು. ಏನೂ ಇಲ್ಲ, ಕಾಲುಚೀಲ ಒಂದು ಕಡೆ ಸುರುಳಿಯಾಗಿ ಬಿಗಿದು ಬಾತಿದೆ ಅಷ್ಟೇ ಎಂದರು. ಕಾಲಿಂಚಿಗೆ ಇಷ್ಟು ಗಲಾಟೆಯೆ ಎಂದು ಅಲ್ಲಿದ್ದವನೊಬ್ಬ ನಕ್ಕ.

"ಕಾಲಿಂಚಲ್ಲಿ ಕೋಟೇ ಕೆಡತ್ತೆ ಅಂತ ನಮ್ಮಪ್ಪ ಹೇಳ್ತಾನೆ" ಎಂದು ಮಗಳು ಅವನಿಗೆ ಹೇಳಿದಳು.

ಮಾರ್ಚ್ 12

ಡ್ರೇನ್ ತೆಗೆದರು. ಡಾಕ್ಟರಮ್ಮನ ಹೊಲಿಗೆ ನೋಡಿದೆ. ನೇರ, ಸಣ್ಣ, ಒಂದೇ ಸಮ. ಹೊಕ್ಕುಳ ಕಾಜ ಮಾತ್ರ ನಾನಾಗಿದ್ದರೆ ಕೂದಲೆಳೆಯಷ್ಟು ಎಡಕ್ಕೆ ತೆಗೆಯುತ್ತಿದ್ದೆ. ಹೇಳಲಿಲ್ಲ.

ಮಧ್ಯಾಹ್ನದ ನಡಿಗೆಯಲ್ಲಿ ಬಚ್ಚಲ ಬಾಗಿಲ ಹತ್ತಿರ ಚೌಕಟ್ಟು ಹಿಡಿದು ನಿಂತಳು. "ಇಲ್ಲೇನಾ?" ಅಂದಳು. ಹೂಂ ಅಂದೆ. ಈ ಹೂಂ ನಿಜದ್ದು.

"ನೀನು ಕಾಲು ತಿಕ್ಕಿದ್ದಕ್ಕೆ ನನಗೆ ಸಿಟ್ಟಿಲ್ಲ ಅಪ್ಪ. ನಿನಗೆ ಗೊತ್ತಿರಲಿಲ್ಲ. ಹದಿನಾಲ್ಕು ವರ್ಷ ಗೊತ್ತಿತ್ತಲ್ಲ, ಅದಕ್ಕೆ."

"ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ" ಅಂದೆ.

"ಸದ್ಯಕ್ಕೆ ಜಾಗ ಇಲ್ಲಪ್ಪ. ಬಿಗಿಯಾಗಿ ಹೊಲಿದುಬಿಟ್ಟಿದಾರೆ" ಅಂದಳು.

ನಗು ಬಂತು ಅವಳಿಗೆ. ನಕ್ಕರೆ ಗಾಯ ಎಳೆಯುತ್ತದೆ. ಎರಡೂ ಕೈಯಲ್ಲಿ ಹೊಟ್ಟೆ ಒತ್ತಿಕೊಂಡು, ನಗಿಸಬೇಡ ನಗಿಸಬೇಡ ಎನ್ನುತ್ತ ನಕ್ಕಳು, ಹಾಗೇ ಅತ್ತಳು. ನಾನು ಅವಳ ಮೊಣಕೈ ಹಿಡಿದು ನಿಂತಿದ್ದೆ. ಅಳು ಮುಗಿದ ಮೇಲೆ ಹನ್ನೊಂದು ಹೆಜ್ಜೆ ಬಾಕಿ ಇತ್ತು. ನಡೆದಳು.

ಮಾರ್ಚ್ 15

ಇವತ್ತು ಅಳತೆ ಪುಸ್ತಕ ಕೇಳಿದಳು. ಅಮ್ಮನ ಪುಟ ತೋರಿಸು ಅಂದಳು. ಕೊಟ್ಟೆ. ಹಿಂದಿನ ಅರ್ಧ ಓದಲಿಲ್ಲ, ಓದಿದರೆ ಓದಿಕೊಳ್ಳಲಿ. ಆ ಕೊನೆಯ ಸಾಲನ್ನು ಬೆರಳಿಟ್ಟು ಓದಿದಳು. ಆಮೇಲೆ ಪುಸ್ತಕ ಮುಚ್ಚಿ ನನ್ನ ಕೈಗಿತ್ತು, "ನನಗೆ ಪದಕ ಸಿಕ್ಕಿದ್ದು ಅವಳಿಗೆ ಗೊತ್ತೇ ಆಗಲಿಲ್ಲ" ಅಂದಳು. ಯಾವುದರಲ್ಲಿ ಎಂದು ಕೇಳಿದೆ. ಹದಿನಾಲ್ಕು ವರ್ಷದಲ್ಲಿ ಕೇಳಿರಲಿಲ್ಲ. ಇನ್ನೂರು ಮೀಟರ್, ಬೆನ್ನ ಮೇಲೆ ಈಜುವುದು ಎಂದಳು. ಆಕಾಶ ನೋಡಿಕೊಂಡು ಈಜುತ್ತಾರಂತೆ, ಗೋಡೆ ಎಲ್ಲಿದೆ ಎಂದು ಕಾಣುವುದಿಲ್ಲವಂತೆ, ಕೈಬೀಸು ಎಣಿಸಿಕೊಂಡೇ ಗೊತ್ತುಮಾಡಿಕೊಳ್ಳಬೇಕಂತೆ.

ನೀರಿಗೆ ಇಳಿಯಲು ಇನ್ನೂ ಎರಡು ತಿಂಗಳಾದರೂ ಬೇಕು. ಹೊಟ್ಟೆಯ ಕೆಳಭಾಗ ಮುಟ್ಟಿದರೆ ತಿಳಿಯುವುದಿಲ್ಲವಂತೆ, ಎಂಟನೆಯ ಪುಟದಲ್ಲಿದ್ದ ಹಾಗೆ. ಬರಬಹುದು, ಬರದೆಯೂ ಇರಬಹುದು. ಮಕ್ಕಳು ಫೋನಿನಲ್ಲಿ ಅಮ್ಮ ಯಾವಾಗ ಬರುತ್ತೀಯ ಎಂದು ಕೇಳಿದವು.

ಬಲ ಹದಿನಾಲ್ಕೂ ಕಾಲು. ಎಡ ಹದಿನಾಲ್ಕೂ ಕಾಲು. ಬಾಗಿಲ ಗುರುತುಗಳು ಒಂದರ ಮೇಲೊಂದು ಏಣಿಯ ಹಾಗೆ ಹತ್ತುತ್ತಿವೆ. ಅವಳ ನಿಜವಾದ ಎತ್ತರಕ್ಕೆ ಇನ್ನು ಎರಡು ಇಂಚು.

ನಾಲ್ಕೂವರೆಗೆ ನಡೆದು ಬಂದು ಕೂತವಳು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾಳೆ. ಬಾಯಿ ಸ್ವಲ್ಪ ತೆರೆದಿದೆ, ಕೈ ಹೊಟ್ಟೆಯ ಮೇಲಿದೆ. ಎಷ್ಟೋ ದಿನದ ಮೇಲೆ ಹುಬ್ಬು ಗಂಟಿಲ್ಲದೆ ಮಲಗಿದ್ದಾಳೆ. ನಿದ್ದೆಯಲ್ಲಿ ಥೇಟ್ ನೀನೇ. ಕೆಳಗೆ ಅಂಗಡಿಯ ಕೆಲಸ ಬಾಕಿ ಇದೆ, ಹೋಗಲಿ. ಕಿಟಕಿಯ ಹತ್ತಿರ ಕೂತು ಇದನ್ನು ಬರೆಯುತ್ತಾ ಇವಳನ್ನು ನೋಡುತ್ತಿದ್ದೇನೆ. ಇನ್ನೊಂದು ಹತ್ತು ನಿಮಿಷ ಮಲಗಲಿ ಅನ್ನಿಸುತ್ತದೆ. ಇನ್ನೊಂದು

ಅಕ್ಷರ ಕಾಣುತ್ತಿಲ್ಲ. ಬೆಳಕು ಹೋಗುತ್ತಾ ಇದೆ, ಆಗಲೇ ಆರೂವರೆ ದಾಟಿರಬೇಕು. ಸಾಕು. ಎಬ್ಬಿಸಬೇಕು ಅವಳನ್ನು.